ಚುಕ್ಕೆ ಇಳಿದ ಮೇಲೆ

ಮತ್ತೆ ಉಜ್ಜಿತು ಮೀನು, ಗಾಜಿನ ತೊಟ್ಟಿಯೊಳಗಿನ ಕಲ್ಲಿಗೆ ಪಕ್ಕೆ ಕೊಟ್ಟು, ತುರಿಕೆ ಹತ್ತಿದ ದನ ಕಂಬಕ್ಕೆ ಮೈ ತಿಕ್ಕಿದ ಹಾಗೆ, ನೋಡಬಾರದು ಅಂತ ಬೆನ್ನು ತಿರುಗಿಸಿ ಕೂತರೂ ಕಿಟಕಿಯ ಗಾಜಿನಲ್ಲಿ ಆ ಕಿತ್ತಳೆ ಬಣ್ಣ ಹಾಯ್ದದ್ದು ಕಂಡೇ ಕಂಡಿತು, ಬಕೆಟ್ಟಿಗೆ ಕೈ ಅದ್ದಿದರೆ ನೀರು ಇನ್ನೂ ತಣ್ಣಗೆ, ಊರಿನವರ ಸುಟ್ಟ ಮೋಟಾರಿಗೆ ತಂತಿ ಸುತ್ತಿ ಕೊಡುವ ನನ್ನ ಮನೆಯಲ್ಲಿ ನೀರು ಕಾಯಿಸುವ ಕಡ್ಡಿ ಒಂದು ನೆಟ್ಟಗಿಲ್ಲ, ಥೂ. ತೊಟ್ಟಿಯ ಉಪ್ಪುನೀರು ಎಷ್ಟು ಬೆಚ್ಚಗಿದೆಯೋ ಬಕೆಟ್ಟಿನ ಸಿಹಿನೀರೂ ಅಷ್ಟೇ ಬೆಚ್ಚಗಿರಬೇಕಂತೆ, ಮೀನಂಗಡಿಯವನ ಅಪ್ಪಣೆ, ಆಮೇಲೆ ಮೀನನ್ನು ಸ್ವಲ್ಪ ಹೊತ್ತು ಅದರಲ್ಲಿ ಬಿಡಬೇಕು, ಕಿವಿರಿಗೆ ಅಂಟಿರೋ ಹುಳ ಒಂದಷ್ಟು ಬಿಟ್ಟುಕೊಳ್ಳುತ್ತೆ, ಉಸಿರಾಡೋಕೆ ದಾರಿ ಆಗುತ್ತೆ, ಆಮೇಲೆ ತಾಮ್ರದ ಔಷಧಿ ಹಾಕಿರೋ ಟಬ್ಬಿಗೆ. ತಾಮ್ರ ಅಂದ ಕೂಡಲೇ ನನಗೆ ಖುಷಿ, ಅದಕ್ಕೇನಯ್ಯಾ, ಅಂಗಡಿ ತುಂಬ ತಾಮ್ರವೇ, ಒಂದು ಸುತ್ತು ವೈರ್ ಹಾಕಿಬಿಡ್ತೀನಿ ಅಂದೆ, ಅವನು ಫೋನಿನಲ್ಲೇ ಹಣೆ ಚಚ್ಚಿಕೊಂಡ, ಅಣ್ಣಾ ಅದೇನು ಮೋಟಾರಾ, ಮೀನು ಕಣಣ್ಣಾ, ಔಷಧಿ ಕೊಡ್ತೀನಿ ಬನ್ನಿ. ಹೋಗಿ ತಂದದ್ದಾಯಿತು, ಟಬ್ಬೂ ಹೊಸದು, ಹಳೇ ಟಬ್ಬಿನಲ್ಲಿ ಸುಟ್ಟ ಕಾಯಿಲುಗಳಿವೆ, ಅದೇ ಅಲ್ಲವೇ ಎಲ್ಲದರ ಮೂಲ, ಆ ಟಬ್ಬು ಖಾಲಿ ಇದ್ದಿದ್ದರೆ ಇದಕ್ಕೆ ಜೊತೆಗೆಂದು ನೀಲಿ ಮೀನನ್ನು ತಂದ ದಿನ ಅದರಲ್ಲೇ ಬಿಡುತ್ತಿದ್ದೆ, ಈ ತೊಟ್ಟಿ ಇಟ್ಟಿದ್ದ ತಮ್ಮ ಬಿಡುತ್ತಿದ್ದ ಹಾಗೆ, ಹೊಸಬರು ಮೊದಲು ಹೊರಗೆ ಅಂತ ಅವನ ನಿಯಮ, ನಾನು ನಕ್ಕರೆ ಅವನೂ ನಗುತ್ತಿದ್ದ, ಅಣ್ಣ, ರಿಪೇರಿಗೆ ಬಂದ ಮೋಟಾರನ್ನ ಪರೀಕ್ಷೆ ಮಾಡದೆ ನೇರ ಲೈನಿಗೆ ಕೊಡ್ತೀಯೇನೋ ನೀನು, ಫ್ಯೂಸ್ ಹಾರಿದರೆ ಯಾರ ತಲೆಗೆ. ಅದು ಅವನ ದನಿಯೇ, ತೊಟ್ಟಿಯ ಪಂಪಿನ ಗುಳುಗುಳು ಅಲ್ಲ, ಅಲ್ಲ, ಪಂಪೇ.

ಅವಳು ಬರುವ ಹೊತ್ತು. ತಮ್ಮನ ಹೆಂಡತಿ ವ್ಯಾನು ಮಾಡಿಕೊಂಡು ಬರುತ್ತಿದ್ದಾಳೆ, ಬೇರೆ ಊರಲ್ಲಿ ಕೆಲಸ ಸಿಕ್ಕಿದೆ, ಮನೆ ಹಿಡಿದಿದ್ದಾಳೆ, ಅವರ ಬಟ್ಟೆ ಬೇಡ ಭಾವ, ಗಾಡಿ ಬೇಡ, ಯಾರಿಗಾದರೂ ಕೊಡಿ, ಆ ಹಳೇ ಮೀನು ಒಂದು ನನಗೆ ಬೇಕು, ಅದಕ್ಕೆ ಅವರ ಬೆರಳು ಗೊತ್ತು ಅಂದಳು. ಗೊತ್ತು, ಹೌದು, ಗಾಜಿಗೆ ಅವನು ಬೆರಳಿಟ್ಟರೆ ನಾಯಿಮರಿ ಹಾಗೆ ಓಡಿಬರುತ್ತಿತ್ತು, ನಾನಿಟ್ಟರೆ ಕಲ್ಲಿನ ಹಿಂದೆ, ನನ್ನದೂ ಅದೇ ಅಪ್ಪನ ಬೆರಳು ಕಣಮ್ಮಾ, ಅದೇ ಗಿಡ್ಡ ಉಗುರು, ಆದರೂ ಬರಲಿಲ್ಲ, ಅವನು ಹೋದ ಮೇಲೆ ಮೂಲೆ ಸೇರಿತು, ತಿನ್ನುವುದು ಬಿಟ್ಟಿತು, ಜೊತೆಗೊಂದು ಇದ್ದರೆ ಚೇತರಿಸಿಕೊಳ್ಳುತ್ತೆ ಅಂತ ನಾನೇ ಹೋಗಿ ನೀಲಿಯದನ್ನು ತಂದೆ, ಚೀಲ ಹರಿದು ನೇರ ಒಳಗೆ ಬಿಟ್ಟೆ, ಬಿಟ್ಟ ಮೇಲೆ ನೋಡಿದರೆ ರೆಕ್ಕೆಯ ಮೇಲೆ ಬಿಳಿ ಚುಕ್ಕೆ, ಉಪ್ಪು ಉದುರಿಸಿದ ಹಾಗೆ. ಅಮ್ಮ ಆಗಿ ಮಕ್ಕಳ ಮೈಮೇಲೆ ಗುಳ್ಳೆ ಏಳುತ್ತಲ್ಲ ಹಾಗೆ, ತಾನೇ ಉದುರುತ್ತೆ ಬಿಡಿ ಅಂದಳು ನನ್ನವಳು, ಉದುರಿತು ಕೂಡ, ಬೆಳಿಗ್ಗೆ ಎದ್ದು ನೋಡಿದರೆ ಮೈ ತೊಳೆದ ಹಾಗೆ ನೀಲಿ, ನಾನು ನಿಂತ ಕಾಲಲ್ಲೇ ತಮ್ಮನ ಹೆಂಡತಿಗೆ ಫೋನು ಹಚ್ಚಿದೆ, ಚುಕ್ಕೆ ಇಳಿಯಿತಮ್ಮಾ, ವಾಸಿಯಾಯಿತು, ನೀನು ಬಂದು ತಗೊಂಡು ಹೋಗು. ಬರ್ತೀನಿ ಅಂದವಳೇ ಪಟ್ಟನೆ ಫೋನಿಟ್ಟಳು. ಯಾಕೆ ಇಟ್ಟಳು ಅಂತ ಆಮೇಲೆ ಹೊಳೆಯಿತು, ಇಳಿಯಿತು, ಇದೇ ಮಾತು, ಆಸ್ಪತ್ರೆಯ ಮೆಟ್ಟಿಲಲ್ಲಿ ನಿಂತು ಇದೇ ಗಂಟಲಲ್ಲಿ ಕೂಗಿದ್ದೆ, ಜ್ವರ ಇಳಿಯಿತಮ್ಮಾ, ವಾಸಿಯಾಯಿತು, ಡಾಕ್ಟರೇ ಮನೆಗೆ ಕರಕೊಂಡು ಹೋಗಿ ಅಂದರು, ಕರಕೊಂಡು ಬಂದೆವು, ಇದೇ ಕೋಣೆಗೆ, ತೊಟ್ಟಿಯ ಎದುರು ಮಂಚ ಹಾಕಿದೆವು, ಎರಡು ತುತ್ತು ಅನ್ನ ಉಂಡ, ಮೀನಿಗೆ ಬೆರಳು ತೋರಿಸಿದ, ಆಮೇಲೆ ಜ್ವರ ಮತ್ತೆ ಏರಿತು, ಅವನ ಉಸಿರಿಗೆ ಹೊದಿಕೆ ಏರುತ್ತಿತ್ತು ಇಳಿಯುತ್ತಿತ್ತು, ಏರುತ್ತಿತ್ತು.

ಇಳಿದಿದ್ದಲ್ಲ ಅಣ್ಣಾ, ಇಳಕೊಂಡಿದ್ದು ಅಂದ ಮೀನಂಗಡಿಯವನು. ಅಂದರೆ ಏನಯ್ಯಾ, ಬಿಡಿಸಿ ಹೇಳು. ಆ ಚುಕ್ಕೆ ಅನ್ನೋದು ಹುಳ ಅಣ್ಣಾ, ಮೀನಿನ ಮೈ ತಿಂದು ಹೊಟ್ಟೆ ತುಂಬಿದ ಮೇಲೆ ತಳಕ್ಕೆ ಇಳಕೊಳ್ಳುತ್ತೆ, ಮರಳಲ್ಲಿ ಮನೆ ಮಾಡಿ ಮರಿ ಹಾಕುತ್ತೆ, ಒಂದಿದ್ದದ್ದು ನೂರಾಗಿ ಮೇಲೆ ಬರುತ್ತೆ, ಮೈ ಚೊಕ್ಕ ಕಂಡಾಗಲೇ ಹೆದರಬೇಕು. ನಾನು ರೇಗಿದೆ, ಮಾರುವಾಗ ನಿನ್ನ ಬಾಯಿಗೆ ಏನು ಬೀಗ ಹಾಕಿತ್ತಾ ಅಂತ. ಕೇಳಿದ್ರಾ ನೀವು, ಚೀಲ ಕಿತ್ತುಕೊಂಡು ಹೋದ್ರಿ ಅಂದ. ನಿಜ, ಹಾಳಾದವನು. ನೀಲಿಯದು ಸತ್ತಿತು, ಹಳೆಯದರ ಮೈಗೆ ಹತ್ತಿತು, ಈಗ ಮರಳನ್ನು ನೋಡಿದರೆ ಸಾಕು ಮೈ ಜುಮ್ಮೆನ್ನುತ್ತೆ, ಬೆಳ್ಳಗೆ, ನುಣ್ಣಗೆ, ಒಳಗೆ ಏನೂ ಇಲ್ಲದ ಹಾಗೆ ಬಿದ್ದಿದೆ, ಮಂಚ ಎತ್ತಿದ ಮೇಲೆ ಈ ನೆಲ ಇದ್ದ ಹಾಗೆ.

ನೀರು ಈಗ ಬೆಚ್ಚಗಾಯಿತು. ಬಲೆ. ಓಡುತ್ತೇನೋ ಅಂದುಕೊಂಡೆ, ಓಡಲಿಲ್ಲ, ಓಡುವಷ್ಟು ತ್ರಾಣ ಇಲ್ಲ, ಬಾರಪ್ಪ, ಬಾ, ಅವನಲ್ಲ ನಾನು, ಆದರೂ ಬಾ, ಎತ್ತಿದೆ, ಬಕೆಟ್ಟಿಗೆ ಬಿಟ್ಟೆ, ಒಮ್ಮೆ ಪಟಪಟನೆ ಸುತ್ತಿತು, ಪಕ್ಕೆ ಮೇಲಾಗಿ ಮಲಗಿಬಿಟ್ಟಿತು. ಮಲಗುತ್ತೆ ಅಣ್ಣಾ, ಗಾಬರಿಯಾಗಿ ಎತ್ತಿಬಿಡಬೇಡಿ, ಕಿವಿರು ನೋಡ್ತಾ ಇರಿ, ಆಡ್ತಾ ಇದ್ದರೆ ಬದುಕಿದೆ ಅಂತ ಅಂದಿದ್ದ ಮೀನಂಗಡಿಯವನು. ನೋಡುತ್ತಿದ್ದೇನೆ, ಕಿವಿರಿನ ಮುಚ್ಚಳ ತೆರೆಯಿತು, ಒಳಗೆ ಕೆಂಪು, ಮುಚ್ಚಿತು, ಹೊರಗೆ ವ್ಯಾನಿನ ಬಾಗಿಲು ಬಡಿದ ಸದ್ದು, ಚಪ್ಪಲಿ, ಭಾವ ಅಂತ ಕರೆಯುತ್ತಿದ್ದಾಳೆ, ಇಲ್ಲಿದ್ದೀನಮ್ಮಾ, ಬಂದಳು, ಬಾಗಿಲಲ್ಲೇ ನಿಂತಳು, ಅಯ್ಯೋ ಮಲಗಿಬಿಟ್ಟಿದೆಯಲ್ಲ, ಎತ್ತಿ ಭಾವ, ಎತ್ತಿ, ವಾಸಿಯಾಯಿತು ಅಂದಿರಲ್ಲ. ತಡಿ, ಎತ್ತಬಾರದು ಈಗ, ತಡಿಯಮ್ಮಾ. ಅವತ್ತೂ ಹೀಗೇ ಅಂದಿರಿ, ಅವತ್ತೂ ವಾಸಿ ಅಂತಲೇ ಅಂದಿರಿ. ಬೇರೆ ಯಾರಾದರೂ ಅಂದಿದ್ದರೆ ಬೀದಿಗೆ ಕೇಳುವ ಹಾಗೆ ಬೈಯುತ್ತಿದ್ದೆ, ಈಗ ಯಾರಿಗೆ ಬೈಯಲಿ, ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು, ಸೆರಗು ಬಕೆಟ್ಟಿಗೆ ಬಿದ್ದು ಒದ್ದೆಯಾಯಿತು, ಗಮನವಿಲ್ಲ ಅವಳಿಗೆ, ಮೆಲ್ಲಗೆ, ಮಕ್ಕಳ ಹಾಗೆ ಕೇಳುತ್ತಾಳೆ, ಬದುಕುತ್ತಾ ಭಾವ, ನಿಜ ಹೇಳಿ. ವಾಸಿ ಅನ್ನೋ ಆ ಮಾತು ನನ್ನ ಬಾಯಿಗೆ ಇನ್ನು ಬರಲಾರದು, ನೋಡ್ತಾ ಇರು ಅಂದೆ, ಅಷ್ಟೇ, ನೋಡ್ತಾ ಇರಮ್ಮಾ, ಇಬ್ಬರೂ ಬಗ್ಗಿದೆವು, ಕಿವಿರು ತೆರೆಯಿತು, ಕೆಂಪು, ಮುಚ್ಚಿತು, ಕೆಂಪು, ಮುಚ್ಚಿತು, ತೆರೆ, ತೆರೆಯೋ,