ಎಲ್ಲರೆದುರು ಹೇಳಿದ ‘ಬೇಡ’

“ಇವರು ಯಾರನ್ನ ಕೇಳಿ ಇದನ್ನ ಬರೆದ್ರು?”

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಯೂಲಾ ಮೀನಿಗೆ ಮೆಕ್ಕೆಜೋಳದ ಹಿಟ್ಟು ಹಚ್ಚುತ್ತಿದ್ದ ಕೈ ಒರೆಸಿಕೊಂಡು ಕಾಗದವನ್ನು ಮತ್ತೊಮ್ಮೆ ಓದಿದಳು. ಶಾಸಕರ ಕಚೇರಿಯಿಂದ ಬಂದದ್ದು. ಅವಳ ತಮ್ಮ ಲೂಷಸ್‌ಗೆ ಮತದ ಹಕ್ಕು ಮರಳಿಸುವ ಮಸೂದೆಯನ್ನು ಈ ವರ್ಷ ಮಂಡಿಸುವುದಿಲ್ಲವಂತೆ. ನಿಮ್ಮದೇ ಚರ್ಚಿನಲ್ಲಿ ನಲವತ್ತು ಜನರನ್ನು ಕೇಳಿದರೆ ಮೂವತ್ತೊಂದು ಜನ ಬೇಡ ಎಂದಿದ್ದಾರೆ ಎಂದು ಬರೆದಿತ್ತು.

ಲೂಷಸ್ ಇಪ್ಪತ್ತೆರಡರ ವಯಸ್ಸಿನಲ್ಲಿ ಬೇರೆಯವರ ಕಾಡಿನ ಪೈನ್ ಮರ ಕಡಿದು ಮಾರಿದ್ದ. ಶಿಕ್ಷೆ ಮುಗಿಸಿ ಬಂದು ಮೂವತ್ತಾರು ವರ್ಷವಾಯಿತು. ಆದರೆ ಮಿಸಿಸಿಪ್ಪಿ ರಾಜ್ಯದಲ್ಲಿ ಆ ಕಳ್ಳತನಕ್ಕೆ ಹೋದ ಮತದ ಹಕ್ಕು ತಾನಾಗಿ ಮರಳುವುದಿಲ್ಲ. ಆ ಒಬ್ಬನ ಹೆಸರಿನಲ್ಲೇ ಒಂದು ಮಸೂದೆ ಪಾಸಾಗಬೇಕು. ಚುನಾವಣೆಯ ದಿನ ಅವನು ಅಂಗಿಗೆ ಇಸ್ತ್ರಿ ಹಾಕಿಕೊಂಡು, ಚರ್ಚಿನ ವ್ಯಾನಿನಲ್ಲಿ ವಯಸ್ಸಾದವರನ್ನೆಲ್ಲ ಮತಗಟ್ಟೆಗೆ ಕರೆದೊಯ್ಯುತ್ತಾನೆ. ಅವರು ಮರಳುವವರೆಗೆ ಹೊರಗೇ ಕೂತಿರುತ್ತಾನೆ. ಈಗ ಮೂತ್ರಪಿಂಡ ಕೆಟ್ಟು ವಾರಕ್ಕೆ ಮೂರು ದಿನ ಡಯಾಲಿಸಿಸ್. ಇನ್ನೆಷ್ಟು ಚುನಾವಣೆ ನೋಡುತ್ತಾನೋ.

ಸಮೀಕ್ಷೆ ನಡೆಸುವ ಡೆನೀಶಾ ಮಧ್ಯಾಹ್ನ ಬಂದಳು, ಹೆಗಲ ಚೀಲದಲ್ಲಿ ಹಳೆಯ ಹಾಳೆಗಳು, ಕೈಯಲ್ಲಿ ಒಂದು ಪೆಟ್ಟಿಗೆ.

“ಬಾರಮ್ಮ. ನಿನ್ನ ಹಾಳೆ ನನ್ನ ತಮ್ಮನ ಕತ್ತು ಕೊಯ್ತು ನೋಡು. ಯಾರ್ಯಾರು ಬೇಡ ಅಂದ್ರು, ಹೇಳು. ಭಾನುವಾರ ಅವರ ಪಕ್ಕ ನಿಂತು ಹೇಗೆ ಹಾಡಲಿ ನಾನು?”

“ಹೆಸರು ಹೇಳೋ ಹಾಗಿಲ್ಲ ಅಕ್ಕ.” ಡೆನೀಶಾ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. “ನೀವೇನಂದ್ರಿ, ನೆನಪಿದೆಯಾ?”

ನೆನಪಿತ್ತು. ಚರ್ಚಿನ ಅಡುಗೆಮನೆ. ಬಾಣಲೆಯ ಎದುರು ಸಭೆಯ ಹಿರಿಯಳು ಮದರ್ ಪರ್ನೆಲ್. ಡೆನೀಶಾಳ ತಂಡದ ಒಂದು ಹುಡುಗಿ ಹಾಳೆ ಹಿಡಿದು ಗಟ್ಟಿಯಾಗಿ ಕೇಳಿದ್ದಳು: ಶಿಕ್ಷೆ ಮುಗಿಸಿದವರಿಗೆ ಮತದ ಹಕ್ಕು ವಾಪಸ್ ಕೊಡಬೇಕಾ? ಎಲ್ಲರೂ ಯೂಲಾಳ ಮುಖ ನೋಡಿದರು. “ನಮ್ಮನೆಯವನು ಅಂತ ನಾನು ಪಕ್ಷಪಾತ ಮಾಡಲ್ಲ. ಬೇಡ ಅಂತ ಬರ್ಕೊ” ಎಂದಿದ್ದಳು.

“ಮದರ್ ಪರ್ನೆಲ್ ಇದ್ರಲ್ಲ,” ಯೂಲಾಳ ದನಿ ಇಳಿಯಿತು. “ಬೇಕು ಅಂದ್ರೆ, ಕಳ್ಳನ ಅಕ್ಕ ಇನ್ನೇನಂತಾಳೆ ಅಂದ್ಕೋತಾರೆ ಅನ್ನಿಸ್ತು.”

“ಒಂದು ಮಾತು ನಿಮಗೆ ಮುಟ್ಟಿಸು ಅಂತ ಅವರೇ ಹೇಳಿ ಕಳಿಸಿದಾರೆ. ‘ಒಡಹುಟ್ಟಿದೋಳೇ ಬೇಡ ಅಂದ್ಮೇಲೆ, ಬೇಕು ಅನ್ನೋಕೆ ನಾನ್ಯಾರು ಅಂತ ಸುಮ್ಮನೆ ಬೇಡ ಅಂದೆ’ ಅಂದ್ರು.”

ಯೂಲಾ ಕಾಗದದಲ್ಲಿನ ‘ಮೂವತ್ತೊಂದು’ ಎಂಬುದರ ಮೇಲೆ ಬೆರಳಿಟ್ಟಳು.

“ತಪ್ಪು ನಮ್ಮದೂ ಇದೆ ಅಕ್ಕ. ಇಂಥದ್ದನ್ನ ಅಡುಗೆಮನೇಲಿ ಕೂಗಿ ಕೇಳಬಾರದಿತ್ತು. ಈ ಸಲ ಒಬ್ಬೊಬ್ಬರಿಗೂ ಒಂದು ಚೀಟಿ, ಬೀಗ ಹಾಕಿದ ಪೆಟ್ಟಿಗೆ. ಹೆಸರಿಲ್ಲ. ಪಕ್ಕದ ಊರಲ್ಲಿ ಹೀಗೆ ಕೇಳಿದಾಗ ಮುಕ್ಕಾಲು ಜನ ಬೇಕು ಅಂದ್ರು. ಅದನ್ನ ತಗೊಂಡು ಶಾಸಕರ ಹತ್ರ ಮತ್ತೆ ಹೋಗೋಣ.”

“ಯಾವಾಗ?”

“ಜನವರೀಲಿ ಶಾಸನಸಭೆ ಸೇರತ್ತೆ.”

“ಅಲ್ಲೀವರೆಗೆ ಇವನು…” ಯೂಲಾ ಒಂದು ಚೀಟಿ ಇಸಿದುಕೊಂಡು ಕಿಟಕಿಯತ್ತ ತಿರುಗಿ ಗುರುತು ಹಾಕಿದಳು, ಮಡಚಿ ಪೆಟ್ಟಿಗೆಗೆ ಹಾಕಿದಳು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಾಳೆ ನಿಮ್ಮ ಬಾಗಿಲಿಗೂ ಯಾರಾದರೂ ಹಾಳೆ ಹಿಡಿದು ಬರಬಹುದು. ಆಗ ಪಕ್ಕದವರ ಮುಖ ನೋಡಬೇಡಿ. ಏಕಾಂತದಲ್ಲಿ ಕೇಳಿ ಎನ್ನಿ, ದೇವರೆದುರು ಹೇಳುವುದನ್ನೇ ಅಲ್ಲಿಯೂ ಹೇಳಿ. ಕಾನೂನು ಮಾಡುವವರು ಆ ಹಾಳೆ ಓದುತ್ತಾರೆ. ನಿಮ್ಮ ಒಂದು ಮಾತಿಗಾಗಿ ಯಾರೋ ವ್ಯಾನಿನಲ್ಲಿ ಕಾಯುತ್ತಿರುತ್ತಾರೆ.

ಹೊರಗೆ ವ್ಯಾನು ನಿಂತಿತು. ಲೂಷಸ್ ಮೆಲ್ಲಗೆ ಇಳಿಯುತ್ತಿದ್ದ. ಯೂಲಾ ಡೆನೀಶಾಳ ಕೈ ಹಿಡಿದಳು.

“ಆ ಹಳೇ ಹಾಳೆ ನಿನ್ನ ಚೀಲದಲ್ಲೇ ಇದೆಯಲ್ಲ. ನನ್ನದೊಂದನ್ನ ತಿದ್ದಿಬಿಡು ತಾಯಿ. ಅವನು ಒಳಗೆ ಬರೋದ್ರೊಳಗೆ.”

ಡೆನೀಶಾ ಚೀಲವನ್ನು ಎದೆಗವಚಿಕೊಂಡಳು.

“ಒಂದು ತಿದ್ದಿದ್ರೂ ಈ ಪೆಟ್ಟಿಗೇನ ಯಾರು ನಂಬ್ತಾರೆ? ಇಲ್ಲ ಅಕ್ಕ. ತಿದ್ದಲ್ಲ.”