ಮಾತಿನ ಮೇಲೆ ಹಿಡಿದ ಮನೆ

ಪುಷ್ಯ ಮಾಸದ ಚಳಿ. ಗೊಬ್ಬೂರಿನ ಹೊಲಗಳಲ್ಲಿ ತೊಗರಿ ಒಣಗಿ ಗಲಗಲ ಅನ್ನುತ್ತಿತ್ತು. ಇಬ್ಬನಿ ಆರುವುದರೊಳಗೆ ಕಡಿಯಬೇಕು. ಬಿಸಿಲೇರಿದರೆ ಕಾಯಿ ಸಿಡಿದು ಕಾಳು ನೆಲದ ಪಾಲು. ಗಂಗುಬಾಯಿ ಕುಡಗೋಲು ಹಿಡಿದು ಬೆಳಕು ಹರಿಯುವಾಗಲೇ ಸಾಲಿಗೆ ಇಳಿದಿದ್ದಳು.

ಗಂಡ ಮಾಳಿಂಗಪ್ಪ ಬದುವಿನ ಮೇಲೆ ಕಂಬಳಿ ಹೊದ್ದು ಕೂತಿದ್ದ. ಹೋದ ವರ್ಷ ಇದೇ ಹೊಲದಲ್ಲಿ ಇಬ್ಬರ ಕೆಲಸ ಒಬ್ಬನೇ ಮಾಡಿದವನು. ಈಗ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಮೂರು ಸಲ ಅಫಜಲಪುರದ ದವಾಖಾನೆಗೆ ಹೋಗಿ, ಮಷೀನಿನಲ್ಲಿ ರಕ್ತ ತೊಳೆಸಿಕೊಂಡು ಬರಬೇಕಿತ್ತು. ಹೋಗುವಾಗ ಹೇಗೋ ಹೋಗುತ್ತಿದ್ದ. ಬರುವಾಗ ಚೌಡಾಪುರ ದಾಟುವುದರೊಳಗೆ ಬಸ್ಸಿನ ಕಿಟಕಿಗೆ ತಲೆ ಆನಿಸಿಬಿಡುತ್ತಿದ್ದ.

"ಹಿಂಗ ಎಷ್ಟು ದಿನಾ ಓಡಾಡ್ತೀರಿ? ಅಫಜಲಪುರದಾಗ ಒಂದು ಖೋಲಿ ಹಿಡೀರಿ," ಎಂದಳು ಪಕ್ಕದ ಸಾಲಿನಲ್ಲಿ ಕಡಿಯುತ್ತಿದ್ದ ಹಮೀದಾಬೇಗಂ. ಆಕೆ ಗೊಬ್ಬೂರಿನ ಮಗಳು. ಮದುವೆಯಾಗಿ ಅಫಜಲಪುರ ಸೇರಿ, ಬಟ್ಟೆ ಹೊಲಿದು ಬದುಕುವವಳು. ತೊಗರಿ ಸುಗ್ಗಿಗೆ ತವರಿಗೆ ಬಂದಿದ್ದಳು.

"ಮನಿ ಹಿಡಿಯೋದು ನಮಗೇನ ಗೊತ್ತ ಬೇ, ಹಮೀದಾ?" ಎಂದಳು ಗಂಗುಬಾಯಿ. "ಹುಟ್ಟಿದ್ದೂ ಸ್ವಂತ ಮನ್ಯಾಗ, ಬಾಳಿದ್ದೂ ಸ್ವಂತ ಮನ್ಯಾಗ."

"ನನ್ನ ಕೇಳು. ಹದಿನಾಲ್ಕು ವರ್ಷದಾಗ ಆರು ಮನಿ ಬದಲಿ ಮಾಡೇನಿ. ಲಾಡ್ಲೆಸಾಬನ್ನ ಒಬ್ಬನ್ನ ಬದಲಿ ಮಾಡಿಲ್ಲ."

ಲಾಡ್ಲೆಸಾಬ ಆಕೆಯ ಗಂಡ. ಬದುವಿನ ಮೇಲಿದ್ದ ಮಾಳಿಂಗಪ್ಪ ಬಹಳ ದಿನಗಳ ಮೇಲೆ ನಕ್ಕ.

ಹಮೀದಾ ಕುಡಗೋಲು ಕೆಳಗಿಟ್ಟು ಅವನ ಹತ್ತಿರ ಬಂದು ಕೂತಳು. "ಅಣ್ಣಾ, ನಗಬ್ಯಾಡ. ಮನಿ ನೋಡಾಕ ಹ್ವಾದ್ರ ಮೊದ್ಲ ಕರೆಂಟ್ ಬಿಲ್ಲು ಕೇಳು. ಅದರಾಗ ಯಾರ ಹೆಸರದ ನೋಡು. ನಳ ಎಷ್ಟು ದಿನಕ್ಕ ಬರ್ತದ, ಬಾಜು ಮನಿಯವರಿಗೆ ಕೇಳು. ರೊಕ್ಕ ಕೊಡೋ ಮೊದ್ಲ ಬಾಂಡ್ ಕಾಗದದ ಮ್ಯಾಲ ಕರಾರು ಬರೀಸು. ಡಿಪಾಜಿಟ್ ಎಷ್ಟು, ಬಾಡಿಗಿ ಎಷ್ಟು, ಬಿಡೋದಿದ್ರ ಎಷ್ಟು ದಿನಾ ಮೊದ್ಲ ಹೇಳಬೇಕು, ಎಲ್ಲಾ ಅದರಾಗ ಇರ್ಲಿ. ಮಾಲಕಂದು ಸಹಿ, ನಿಂದು ಸಹಿ, ಇಬ್ರು ಸಾಕ್ಷಿ. ಒಂದು ಪ್ರತಿ ನಿನ್ನ ಕಡೆ ಇಟ್ಕೊ."

ಮಾಳಿಂಗಪ್ಪ ಸೊಂಟದ ಚೀಲ ಮುಟ್ಟಿಕೊಂಡ. ಅದರಲ್ಲಿ ಮಾಳಿಂಗರಾಯನ ಭಂಡಾರವಿತ್ತು, ಗುಡಿಯಿಂದ ತಂದ ಅರಿಸಿನ ಪುಡಿ. "ತಂಗಿ, ನಮ್ಮ ಮಂದ್ಯಾಗ ಭಂಡಾರ ಮುಟ್ಟಿ ಮಾತಾಡಿದ್ರ ಮುಗೀತು. ನಮ್ಮಪ್ಪ ನೂರಾರು ಕುರಿ ಕೊಟ್ಟಾನ, ತಗೊಂಡಾನ. ಒಂದು ಚೀಟಿ ಬರ್ದವನಲ್ಲ."

"ಕುರಿ ಬ್ಯಾರೆ, ಮನಿ ಬ್ಯಾರೆ ಅಣ್ಣಾ. ಕುರಿ ಕೈ ಬದಲಿ ಆದ ದಿನಾನೇ ಯವಾರ ಮುಗೀತದ. ಡಿಪಾಜಿಟ್ ವರ್ಷಗಟ್ಲೆ ಇನ್ನೊಬ್ರ ಕೈಯಾಗ ಕೂಡ್ತದ."

"ನೋಡೂನು ಬಿಡು," ಎಂದ ಮಾಳಿಂಗಪ್ಪ. ಒಪ್ಪಿದವನ ಮಾತಲ್ಲ ಅದು.

ತೊಗರಿ ರಾಶಿ ಆಯಿತು. ಸಾಕಿದ ಎರಡು ಟಗರು ಮಾರಿದರು. ಹದಿನೈದು ಸಾವಿರ ಬಂತು. ಅಫಜಲಪುರದಲ್ಲಿ, ದವಾಖಾನೆಗೆ ನಡೆದುಕೊಂಡೇ ಹೋಗುವಷ್ಟು ಹತ್ತಿರ, ದೌಲತರಾಯ ಎಂಬ ಹಿರಿಯರ ಎರಡು ಖೋಲಿಯ ಮನೆ ಸಿಕ್ಕಿತು. ಹಣೆಯ ತುಂಬ ವಿಭೂತಿ, ಮೆತ್ತನೆಯ ಮಾತು. ಮಾಳಿಂಗಪ್ಪನ ಬಾತ ಕಾಲು ನೋಡಿ ಅವರೇ ಕುರ್ಚಿ ಎಳೆದು ಕೊಟ್ಟರು. ಡಿಪಾಜಿಟ್ಟಿನ ಆ ಹದಿನೈದು ಸಾವಿರ ತೆಗೆದುಕೊಂಡು ಅವರೇ ಕೇಳಿದರು:

"ಚೀಟಿ ಬರ್ದು ಕೊಡ್ಲೇನು, ಮಾಳಿಂಗಪ್ಪಾ?"

ಮಾಳಿಂಗಪ್ಪ ಎರಡೂ ಕೈ ಮುಗಿದ. "ನಿಮ್ಮಂಥವರ ಮಾತಿಗೆ ಚೀಟಿ ಯಾಕ್ರಿ, ಸಾವಕಾರ್ರ? ಚೀಟಿ ಕೇಳಿದ್ರ ನನಗ ಪಾಪ ಬರ್ತದ್ರಿ."

ಚೀಲ ಬಿಚ್ಚಿ ಭಂಡಾರ ಮುಂದೆ ಹಿಡಿದ. ದೌಲತರಾಯರು ಚಿಟಿಕೆ ತೆಗೆದು ಕಣ್ಣಿಗೊತ್ತಿಕೊಂಡರು. "ಬಸವಣ್ಣನ ಆಣಿ. ಬಿಡೋ ದಿನಾ ನಿನ್ನ ರೊಕ್ಕ ನಿನ್ನ ಕೈಯಾಗ."

ಅಲ್ಲಿ ಇದ್ದದ್ದು ಮೂವರೇ. ಮಾಳಿಂಗಪ್ಪ, ಗಂಗುಬಾಯಿ, ದೌಲತರಾಯ.

ಆರು ತಿಂಗಳು ಚೆನ್ನಾಗಿ ನಡೆಯಿತು. ಮಾಳಿಂಗಪ್ಪನ ಮುಖಕ್ಕೆ ಸ್ವಲ್ಪ ಕಳೆ ಬಂತು. ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ಶಿವಕಾಂತಾ ಭಾನುವಾರ ಬಂದು ಅಪ್ಪನ ಕಾಲು ಒತ್ತಿ ಹೋಗುತ್ತಿದ್ದಳು. ಗಂಗುಬಾಯಿ ಹಿತ್ತಲಿನಲ್ಲಿ ನಾಲ್ಕು ಮೆಂತ್ಯದ ಮಡಿ ಮಾಡಿದ್ದಳು.

ಆಷಾಢದಲ್ಲಿ ದೌಲತರಾಯರು ಪೂಜೆಗೆ ಕೂತವರು ಹಾಗೇ ಒರಗಿದರು. ಮತ್ತೆ ಏಳಲಿಲ್ಲ.

ದಿನಕರ್ಮ ಮುಗಿದ ಮೇಲೆ ಅವರ ಹಿರಿಯ ಮಗ ಅಮರನಾಥ ಬಂದ. ಅಣ್ಣ ತಮ್ಮಂದಿರಲ್ಲಿ ಪಾಲಾಗಿತ್ತು. ಈ ಮನೆ ಮಾರಬೇಕಿತ್ತು. ಖಾಲಿ ಮಾಡಲು ತಿಂಗಳು ಸಮಯ ಕೊಟ್ಟ.

"ಆತ್ರಿ ಅಪ್ಪಾ," ಎಂದ ಮಾಳಿಂಗಪ್ಪ. "ನಮ್ಮ ಡಿಪಾಜಿಟ್ ಕೊಟ್ರ ಬಾಜು ಓಣ್ಯಾಗ ಒಂದು ಖೋಲಿ ನೋಡೇವಿ."

"ಯಾವ ಡಿಪಾಜಿಟ್‌ರಿ?"

ಮಾಳಿಂಗಪ್ಪ ಎಲ್ಲ ಹೇಳಿದ. ಅಮರನಾಥ ತಲೆ ತಗ್ಗಿಸಿ ಕೇಳಿದ. ಅವನೂ ಕೆಟ್ಟವನಲ್ಲ.

"ನೀವು ಸುಳ್ಳು ಹೇಳಾಕತ್ತೀರಿ ಅನ್ನಂಗಿಲ್ಲ ಕಾಕಾ. ಆದ್ರ ಅಪ್ಪಾ ನಮ್ಮ ಮುಂದ ಏನೂ ಹೇಳಿಲ್ಲ. ತಮ್ಮಂದಿರು ಕೇಳಿದ್ರ ನಾ ಏನ ತೋರಸ್ಲಿ? ಒಂದು ಚೀಟಿ ಅದನ್ರಿ? ಇಲ್ಲಾಂದ್ರ ಯಾರಾದ್ರೂ ನೋಡಿದವರು?"

"ನಾ ಇದ್ದೆನಲ್ರಿ!" ಎಂದಳು ಗಂಗುಬಾಯಿ. "ನಿಮ್ಮಪ್ಪ ಭಂಡಾರ ಮುಟ್ಯಾರ!"

"ನೀವು ಅವರ ಹೆಂಡ್ತಿ, ಕಾಕು," ಎಂದ ಅಮರನಾಥ ಮೆಲ್ಲಗೆ.

ಸಾವಕಾರರು ಚೀಟಿ ಬರೆಯಲೇ ಎಂದು ಕೇಳಿದ್ದು, ತಾನು ಬೇಡವೆಂದು ಕೈ ಮುಗಿದದ್ದು ಮಾಳಿಂಗಪ್ಪನ ಕಣ್ಣ ಮುಂದೆ ಇತ್ತು. ಬೇರೆ ಖೋಲಿಗೆ ಕೊಡಲು ಕೈಯಲ್ಲಿ ಮತ್ತೆ ಹದಿನೈದು ಸಾವಿರ ಇರಲಿಲ್ಲ. ಸಾಮಾನು ಟಂಟಂ ಆಟೊದಲ್ಲಿ ಹೇರಿ ಗೊಬ್ಬೂರಿಗೆ ಮರಳಿದರು. ಮೆಂತ್ಯ ಕೀಳಲು ಎರಡು ದಿನ ಬಾಕಿಯಿತ್ತು.

ಮತ್ತೆ ಬಸ್ಸು. ಅದು ಮಳೆಗಾಲ. ಒಂದು ದಿನ ಹಳ್ಳ ತುಂಬಿ ಬಂದು ಬಸ್ಸು ನಿಂತಿತು. ಒಂದು ದಿನ ಮಾಳಿಂಗಪ್ಪನಿಗೆ ಎದ್ದು ನಿಲ್ಲಲಾಗಲಿಲ್ಲ. ದಸರೆಗೆ ಇನ್ನೂ ಹದಿನೈದು ದಿನ ಇರುವಾಗ ಅವನು ಹೋದ. ರಕ್ತ ತೊಳೆಸುವ ಪಾಳಿ ತಪ್ಪಿದ್ದಕ್ಕೇ ಹೋದನೆಂದು ದವಾಖಾನೆಯವರು ಹೇಳಲಿಲ್ಲ. ಗಂಗುಬಾಯಿಯೂ ಹೇಳುವುದಿಲ್ಲ. ತಪ್ಪಿದ ಪಾಳಿಗಳನ್ನು ಬೆರಳು ಮಡಚಿ ಎಣಿಸುತ್ತಾಳೆ, ಅಷ್ಟೆ. ಐದು.

ಹೋಗುವ ಹಿಂದಿನ ದಿನ ಮಗಳ ಕೈ ಹಿಡಿದು ಅವನು ಹೇಳಿದ್ದ: "ಶಿವಕ್ಕಾ, ಹಮೀದಾ ಹೇಳಿದ್ದು ಖರೆ ಇತ್ತು. ಸಾವಕಾರ್ರ ಮಾತು ಸುಳ್ಳಾಗ್ಲಿಲ್ಲವ್ವಾ. ಮಾತಾಡಿದವರೇ ಹ್ವಾದ್ರು."

ಮತ್ತೆ ಪುಷ್ಯ ಬಂತು. ಮತ್ತೆ ತೊಗರಿ ಗಲಗಲ ಅಂದಿತು. ಓದು ಮುಗಿಸಿದ ಶಿವಕಾಂತಾಗೆ ಜೇವರ್ಗಿಯ ಒಂದು ದವಾಖಾನೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ತಾಯಿ ಮಗಳು ಇಬ್ಬರಿಗೂ ಅಲ್ಲಿ ಮನೆ ಬೇಕು. ಸಾಕ್ಷಿಗೆಂದು ಹಮೀದಾ ಹೊಲಿಗೆ ಬಿಟ್ಟು ಅವರ ಜೊತೆ ಬಂದಳು.

ಮನೆಯೊಡತಿ ಬಸವೇಶ್ವರಿ, ನಿವೃತ್ತ ಶಾಲಾ ಶಿಕ್ಷಕಿ. ಶಿವಕಾಂತಾ ಕರೆಂಟ್ ಬಿಲ್ಲು ಕೇಳಿ ನೋಡಿದಳು. ಮೀಟರಿನ ಅಂಕಿ, ಗೋಡೆಯ ಸೀಳು, ಸೋರುವ ನಳ ಎಲ್ಲದರ ಫೋಟೊ ತೆಗೆದುಕೊಂಡಳು. ಕರಾರು ಬರೆಸೋಣ ಎಂದಾಗ ಬಸವೇಶ್ವರಿಯ ಮುಖ ಸಣ್ಣದಾಯಿತು.

"ಮೂವತ್ತು ವರ್ಷ ಮಕ್ಕಳಿಗೆ ಕಲಿಸೇನವ್ವಾ. ನನ್ನ ಮ್ಯಾಲ ನಿಮಗ ನಂಬಿಗಿ ಇಲ್ಲೇನು?"

ಗಂಗುಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು:

"ನಿಮ್ಮ ಮ್ಯಾಲ ಅದರಿ, ಅಕ್ಕಾರ. ಸಾವಿನ ಮ್ಯಾಲ ಇಲ್ರಿ."

ಬಸವೇಶ್ವರಿ ಆಕೆಯ ಬರಿಗೊರಳು ನೋಡಿದರು. ಒಳಗೆ ಹೋಗಿ ಕನ್ನಡಕ ತಂದರು.

ಕರಾರು ಹನ್ನೊಂದು ತಿಂಗಳಿಗೆ ಆಯಿತು. ಬಸವೇಶ್ವರಿ ಸಾಲು ಸಾಲಾಗಿ ಜೋರಾಗಿ ಓದಿದರು. ಒಂದು ಕಡೆ ಡಿಪಾಜಿಟ್ ಮರಳಿಸುವ ಮಾತು ಬಿಟ್ಟುಹೋಗಿತ್ತು. ಅದನ್ನು ಸೇರಿಸಿದವರೂ ಅವರೇ. ರೊಕ್ಕ ಶಿವಕಾಂತಾಳ ಖಾತೆಯಿಂದ ಅವರ ಖಾತೆಗೆ ಹೋಯಿತು. ಹಮೀದಾ ಉರ್ದುವಿನಲ್ಲಿ ಸಹಿ ಮಾಡಿದಳು. ಬಾಜು ಮನೆಯ ಗುರಮ್ಮ ಎರಡನೆಯ ಸಾಕ್ಷಿ.

ಎಲ್ಲ ಮುಗಿದ ಮೇಲೆ ಗಂಗುಬಾಯಿ ಗಂಡನ ಚೀಲ ತೆಗೆದಳು. ತಳದಲ್ಲಿ ಒಂದಿಷ್ಟು ಭಂಡಾರ ಉಳಿದಿತ್ತು. ಕಾಗದದ ಮೂಲೆಗೆ ಒಂದು ಚಿಟಿಕೆ ಹಚ್ಚಿದಳು.

"ಇದೂ ಇರ್ಲಿ," ಎಂದಳು. "ಇಷ್ಟು ದಿನಾ ಇದೊಂದನ್ನೇ ನೆಚ್ಚಿದ್ವಿ."

ಮನೆ ಹಿಡಿಯಲು ಹೊರಟ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮಾತನ್ನು ನಂಬಬೇಡಿ ಎಂದು ಈ ಕಥೆ ಹೇಳುತ್ತಿಲ್ಲ. ನಂಬಿ. ನಂಬಿದ್ದನ್ನು ಬರೆಸಿಕೊಳ್ಳಿ. ಮನೆಯವರು ಒಳ್ಳೆಯವರಾದಷ್ಟೂ ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳಿ. ಬಾಡಿಗೆ ಕೊಟ್ಟಾಗಲೆಲ್ಲ ರಸೀದಿ ತೆಗೆದುಕೊಳ್ಳಿ. ಡಿಪಾಜಿಟ್ ವಿಷಯ ಮಾಲಕರ ಮನೆಯ ಇನ್ನೊಬ್ಬರಿಗೂ ಗೊತ್ತಿರಲಿ, ನಿಮ್ಮ ಮನೆಯವರಿಗೂ ಗೊತ್ತಿರಲಿ. ಮನೆ ಬಾಡಿಗೆಗೆ ಕೊಡುವ ಹಿರಿಯರೇ, ಬೇಡವೆಂದು ಕೈ ಮುಗಿದರೂ ಚೀಟಿ ಬರೆದು ಕೊಡಿ. ನಿಮ್ಮ ಮಕ್ಕಳು ನಿಮ್ಮ ಮಾತು ಉಳಿಸಲು ಅದು ಬೇಕಾಗುತ್ತದೆ. ರೊಕ್ಕ ಸಿಕ್ಕಿಬಿದ್ದಿದ್ದರೆ ಸುಮ್ಮನೆ ಕೂಡಬೇಡಿ. ನಿಮ್ಮ ತಾಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಪುಕ್ಕಟೆ ಸಲಹೆ ಸಿಗುತ್ತದೆ. ಗಂಗುಬಾಯಿಗೆ ಅದು ಗೊತ್ತಾದದ್ದು ತಡವಾಗಿ.

ಅಫಜಲಪುರದ ಆ ಮನೆಯಲ್ಲಿ ಈಗ ಬೇರೆಯವರು ಇದ್ದಾರೆ. ಟಗರು ಮಾರಿದ ಆ ಹದಿನೈದು ಸಾವಿರ ಇನ್ನೂ ಬಂದಿಲ್ಲ.