ತಲೆಕೆಳಗಾದ ಗೈರೋ

ಕ್ಯಾಪ್ಟನ್ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅಮ್ಮ ಎದುರುಮನೆಯವಳಿಗೆ ಅದೇ ಕತೆ ಶುರು ಮಾಡಿದ್ದಳು. ಬೆಳಗ್ಗಿನಿಂದ ಇದು ಐದನೇ ಸಲ. ಅಪ್ಪ ನಡುಮನೆಯಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮಲಗಿದ್ದರು. ಬೈಸಿಕೊಂಡು ಸುಮ್ಮನಿರುವುದು ಅವರಿಗೇನು ಹೊಸದಲ್ಲ.

"ಚಿನ್ನದಂಥ ಕೈ ರೀ ಇವರದ್ದು. ಎಂಥ ಕೆಟ್ಟ ವಾಚಾದ್ರೂ ಮುಟ್ಟಿದ್ರೆ ಓಡೋದು. ಆ ಆಟದ ಹೆಲಿಕಾಪ್ಟರಿಗೆ ಎರಡು ಬೆರಳು ಕೊಟ್ಟು ಕೂತ್ರು. ಗೈರೋ ಉಲ್ಟಾ ಇತ್ತಂತೆ, ನೋಡ್ಲಿಲ್ವಂತೆ."

ಎದುರುಮನೆಯವಳು ಲೊಚಗುಟ್ಟಿದಳು. ಅಡುಗೆಮನೆಯ ಬಾಗಿಲಲ್ಲಿ ನೀರಿನ ಲೋಟಗಳ ತಟ್ಟೆ ಹಿಡಿದಿದ್ದ ಮಗಳು ನಿಂತಲ್ಲೇ ನಿಂತಳು. ನಾಲ್ಕು ಗಂಟೆಗೆ ಸ್ಮಶಾನಕ್ಕೆ ಒಯ್ಯುವ ವ್ಯಾನ್ ಬರುತ್ತದೆ. ಅಪ್ಪ ಇನ್ನೂ ಈ ಮನೆಯಲ್ಲಿರುವಾಗಲೇ ಅಮ್ಮನಿಗೆ ನಿಜ ಹೇಳಬೇಕು. ಹನ್ನೊಂದು ವರ್ಷದಿಂದ ನಾಲಿಗೆಯ ತುದಿಗೆ ಬಂದು ಬಂದು ಹಿಂದೆ ಸರಿದ ಮಾತು. ಆ ಗೈರೋವನ್ನು ಉಲ್ಟಾ ಕೂರಿಸಿದ್ದು ಅವಳು.

*

ಆಗ ಅವಳಿಗೆ ಹತ್ತೊಂಬತ್ತು. ಭಾನುವಾರ ಬಂತೆಂದರೆ ಅಪ್ಪ, ಮಗಳು ರಿಮೋಟಿನ ಹೆಲಿಕಾಪ್ಟರ್ ಹೊತ್ತುಕೊಂಡು ಬಯಲಿಗೆ ಹೋಗುತ್ತಿದ್ದರು. ಅದರ ಬೆನ್ನ ಮೇಲಿನ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿಯೇ ಗೈರೋ. ಗಾಳಿ ಬಾಲವನ್ನು ಪಕ್ಕಕ್ಕೆ ತಳ್ಳಿದರೆ ಅದಕ್ಕೆ ತಿಳಿಯುತ್ತದೆ; ಬಾಲದ ಪುಟ್ಟ ರೆಕ್ಕೆಗಳನ್ನು ಹೊರಳಿಸಿ ಮೂತಿಯನ್ನು ಮತ್ತೆ ನೇರಕ್ಕೆ ತರುತ್ತದೆ. ತಲೆಕೆಳಗಾಗಿ ಕೂರಿಸಿದರೆ ಎಡವನ್ನು ಬಲವೆಂದುಕೊಂಡು, ತಿರುಗಿದ್ದನ್ನು ಇನ್ನಷ್ಟು ತಿರುಗಿಸುತ್ತದೆ. ಅದಕ್ಕೇ ಅಪ್ಪ ಪ್ರತಿ ಸಲವೂ ಹೆಲಿಕಾಪ್ಟರನ್ನು ಕೈಯಲ್ಲಿ ಎತ್ತಿಕೊಂಡು, ಮೂತಿಯನ್ನು ಅತ್ತಿತ್ತ ತಿರುಗಿಸಿ, ರೆಕ್ಕೆ ಯಾವ ಕಡೆ ಹೊರಳಿತೆಂದು ನೋಡದೆ ಹಾರಿಸುತ್ತಿರಲಿಲ್ಲ.

ಆ ದಿನ ಅವರು ಊಟದ ಡಬ್ಬಿ ತೊಳೆಯಲು ಹೋಗಿದ್ದರು. ಗೈರೋದ ವೈರು ಜೋತಾಡುತ್ತಿದ್ದುದು ಅವಳ ಕಣ್ಣಿಗೆ ಹಿಡಿಸಲಿಲ್ಲ. ಗೈರೋವನ್ನು ಕಿತ್ತು, ಮಗುಚಿಟ್ಟು, ಕೆಂಪು ಟೇಪು ಸುತ್ತಿ ಬಿಗಿದಳು. ವೈರು ಅಚ್ಚುಕಟ್ಟಾಗಿ ಕೂತಿತು.

"ವೈರ್ ಸರಿ ಮಾಡ್ದೆ ಅಪ್ಪ."

"ಭೇಷ್. ಮೂತಿ ತಿರುಗಿಸಿ ನೋಡಿದ್ಯಾ?"

ನೋಡಿರಲಿಲ್ಲ. ನನಗೇನು ಇಷ್ಟೂ ಗೊತ್ತಿಲ್ಲವೇ ಎಂಬ ಬಿಂಕ. "ಹೂಂ, ನೋಡ್ದೆ," ಎಂದುಬಿಟ್ಟಳು.

ಅದೊಂದು ಸಲ ಮಾತ್ರ ಅಪ್ಪ ತಾವು ನೋಡಲಿಲ್ಲ. ನೆಲ ಬಿಟ್ಟ ಮರುಗಳಿಗೆಯೇ ಹೆಲಿಕಾಪ್ಟರ್ ಬುಗುರಿಯಂತೆ ಗಿರಗಿರ ತಿರುಗುತ್ತ ಅವಳ ಮುಖದತ್ತ ನುಗ್ಗಿತು. ಅಪ್ಪ ಬಲಗೈ ಅಡ್ಡ ಹಿಡಿದರು.

ಆಸ್ಪತ್ರೆಯಲ್ಲಿ ಅಮ್ಮನಿಗೆ ಅವರು ಹೇಳಿದ್ದು ಇಷ್ಟೇ: "ಗೈರೋ ಉಲ್ಟಾ ಕೂರಿಸಿಬಿಟ್ಟಿದ್ದೆ ಕಣೇ. ನಂದೇ ತಪ್ಪು." ನಾಳೆ ಹೇಳಿದರಾಯಿತು ಎಂದುಕೊಂಡಳು ಮಗಳು. ವಾಚಿನಂಗಡಿ ಮುಚ್ಚಿತು. ಅಪ್ಪ ಇನ್ನೊಬ್ಬರ ಅಂಗಡಿಯ ಬಾಗಿಲಲ್ಲಿ ಕೂತು ಗಿರಾಕಿಗಳಿಗೆ ಟೋಕನ್ ಕೊಡತೊಡಗಿದರು. ಆ ನಾಳೆ ಮಾತ್ರ ಬರಲೇ ಇಲ್ಲ.

*

ಕ್ಯಾಪ್ಟನ್ ಎಂಬುದು, ವಿಮಾನದ ಮೆಟ್ಟಿಲನ್ನೇ ಎಂದೂ ಹತ್ತದ ಆ ನಿವೃತ್ತ ಅಂಚೆಯವನಿಗೆ ಅಪ್ಪ ಇಟ್ಟ ಹೆಸರು. ಬಯಲಿನಲ್ಲಿ ಅಪ್ಪನ ಜೊತೆ ಹಾರಿಸುತ್ತಿದ್ದವನು. ಅವನು ಅಪ್ಪನ ಪಾದ ಮುಟ್ಟಿ, ಅಡುಗೆಮನೆಗೆ ಬಂದು, ಅವಳ ಕೈಯಿಂದ ತಟ್ಟೆ ಇಸಿದುಕೊಂಡ.

"ಅತ್ತಿಗೆಗೆ ಹೇಳಿದ್ಯಾ ಮಗಾ?"

"ನಿಮಗೆ ಗೊತ್ತಾ?"

"ಅವತ್ತು ಚೂರುಗಳನ್ನ ಆಯ್ದವನು ನಾನೇ ಅಲ್ವಾ. ನಿಮ್ಮಪ್ಪ ಯಾವತ್ತಾದ್ರೂ ಕೆಂಪು ಟೇಪು ಸುತ್ತಿದ್ದುಂಟಾ?" ಅವನು ದನಿ ತಗ್ಗಿಸಿದ. "'ನೀನೇ ಹೇಳ್ಬಿಡೋ' ಅಂತ ಅವನಿಗೆ ಎಷ್ಟು ಸಲ ಅಂದೆ. 'ಬೇಡ, ಅವಳೇ ಹೇಳ್ಲಿ, ಹೇಳಿದ್ರೆ ಅವಳಿಗೇ ಹಗುರ' ಅನ್ನೋನು. ಮೊದಲು, ಪರೀಕ್ಷೆ ಮುಗೀಲಿ ಅಂದ. ಆಮೇಲೆ, ಕೆಲಸ ಸಿಗಲಿ ಅಂದ. ಹೋದ ವಾರ ಕೂಡ ಕೇಳ್ದೆ. 'ಹೇಳ್ತಾಳೆ ಬಿಡೋ, ಅವಸರ ಏನು' ಅಂದ."

ಅಪ್ಪ ಮುಚ್ಚಿಟ್ಟಿದ್ದಾರೆ ಎಂದು ಇಷ್ಟು ದಿನ ಅಂದುಕೊಂಡಿದ್ದಳು. ಅವರು ಕಾಯುತ್ತಿದ್ದರು.

ಅಮ್ಮನನ್ನು ಒಳಗೆ ಕರೆದಳು. ಒಂದೇ ಉಸಿರಿಗೆ ಎಲ್ಲ ಹೇಳಿದಳು. ಹೊಡೆದರೆ ಹೊಡೆಯಲಿ ಎಂದು ಕೆನ್ನೆಯನ್ನು ಹಾಗೇ ಇಟ್ಟುಕೊಂಡು ನಿಂತಳು.

ಅಮ್ಮ ಹೊಡೆಯಲಿಲ್ಲ. "ಮೊನ್ನೆ ಬೆಳಗ್ಗೆ ಅಂಗಿ ಗುಂಡಿ ಹಾಕೋಕಾಗ್ದೆ ಒದ್ದಾಡ್ತಿದ್ರು," ಎಂದಳು. "ನೀವೇ ಮಾಡ್ಕೊಂಡಿದ್ದು, ಅನುಭವಿಸಿ ಅಂದೆ. ನಕ್ಕು ಸುಮ್ಮನಾದ್ರು. ನೀನೂ ಅಲ್ಲೇ ಇದ್ದೆ."

"ಇದ್ದೆ."

"ಕಾಫಿ ಕುಡೀತಿದ್ದೆ."

"ಹೂಂ ಅಮ್ಮ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಡುಮನೆಗೆ ನಡೆದಳು. "ಎಲ್ರೂ ಸ್ವಲ್ಪ ಹೊರಗಿರಿ," ಎಂದಳು. ಮಗಳತ್ತ ತಿರುಗಿ, "ನೀನೂ," ಎಂದು ಬಾಗಿಲು ಹಾಕಿಕೊಂಡಳು.

ಬಂದವರೆಲ್ಲ ಮೆಟ್ಟಿಲ ಮೇಲೆ, ರಸ್ತೆಯಂಚಿನಲ್ಲಿ ನಿಂತರು. ಒಳಗಿನಿಂದ ಅಮ್ಮನ ದನಿ ಕೇಳುತ್ತಿತ್ತು. ಅಳುವಲ್ಲ, ಮಾತು. ಏನೆಂದು ತಿಳಿಯುತ್ತಿರಲಿಲ್ಲ. ವ್ಯಾನ್ ಬಂದು ನಿಂತಿತು. ಹತ್ತು ನಿಮಿಷ ಕಾದ ಡ್ರೈವರ್ ಕೊನೆಗೆ, "ಹೊತ್ತಾಯ್ತು ಮೇಡಂ, ಕರೀರಿ," ಎಂದ.

ಮಗಳು ಬಾಗಿಲು ತಟ್ಟಲು ಕೈ ಎತ್ತಿದಳು. ಒಳಗೆ ಅಮ್ಮ ಏನೋ ಕೇಳಿ, ಉತ್ತರಕ್ಕೆ ಕಾಯುವವಳ ಹಾಗೆ ಸುಮ್ಮನಾಗಿದ್ದಳು. ಆ ಮೌನ ಮುಗಿಯುವವರೆಗೆ ಮಗಳು ಎತ್ತಿದ ಕೈಯನ್ನು ಇಳಿಸಲೂ ಇಲ್ಲ, ತಟ್ಟಲೂ ಇಲ್ಲ.